ಬಿಳಿ ಡೀಸೆಲ್

ಫೆಬ್ರವರಿ 3

ಅಣ್ಣಾ,

ಕಳೆದ ಭಾನುವಾರ ಫೋನಿನಲ್ಲಿ ನಾನು "ನೀರು, ನೀರು" ಎಂದು ನಾಲ್ಕು ಸಲ ಕಿರುಚಿದೆ. ನೀನು "ನಲ್ಲೀಲಿ ಚೆನ್ನಾಗೇ ಬರ್ತಿದೆ ಬಿಡು" ಎಂದೆ. ಮೂವತ್ತೊಂದು ವರ್ಷ ಹೊಳೆ ದಾಟಿಸುವ ಲಾಂಚಿನ ಎಂಜಿನ್ ಪಕ್ಕ ನಿಂತ ಕಿವಿಯ ಜೊತೆ ಜಗಳವಾಡಿ ಗೆದ್ದವರಿಲ್ಲ. ಇನ್ನು ಮೇಲೆ ನಮಗೆ ಕಾಗದವೇ ಗತಿ.

ವಿಷಯ ಇದು. ಆರು ವರ್ಷದಿಂದ ಪ್ರಯೋಗಾಲಯದಲ್ಲಿ ನಾನು ಮಾಡುತ್ತಿದ್ದ ಇಂಧನವನ್ನು ಕೆಲಸ ಮಾಡುವ ಎಂಜಿನ್ನಿಗೇ ಹಾಕಿ ನೋಡಲು ಒಪ್ಪಿಗೆ ಸಿಕ್ಕಿದೆ. ನೂರು ಪಾಲಿನಲ್ಲಿ ಎಂಬತ್ತೇಳು ಡೀಸೆಲ್, ಹನ್ನೊಂದು ನೀರು, ಉಳಿದೆರಡು ಪಾಲು ಸೋಪಿನ ಜಾತಿಯ ಒಂದು ರಸಾಯನ. ಎಣ್ಣೆ ನೀರು ಎರಡನ್ನೂ ಒಂದೇ ಚಾಪೆಯ ಮೇಲೆ ಕೂರಿಸುವುದು ಅದೇ. ನೋಡಲು ಹಾಲಿನಂತೆ ಬೆಳ್ಳಗಿರುತ್ತದೆ. ಎಂಜಿನ್ನಿನ ಬಿಸಿಗೆ ನೀರಿನ ಪುಟ್ಟ ಪುಟ್ಟ ಹನಿಗಳು ಆವಿಯಾಗಿ ಸಿಡಿಯುತ್ತವೆ, ಸುತ್ತಲಿನ ಡೀಸೆಲ್ಲನ್ನು ಇನ್ನೂ ಸಣ್ಣಗೆ ಚದುರಿಸುತ್ತವೆ. ಅದು ಪೂರ್ತಿ ಉರಿಯುತ್ತದೆ. ಮಸಿ ಅರ್ಧಕ್ಕರ್ಧ ಕಡಿಮೆ.

ಮಸಿ ಎಂದರೇನೆಂದು ನಿನಗೆ ನಾನು ಹೇಳಬೇಕೆ? ಅಪ್ಪ ಅದೇ ಎಂಜಿನ್ ಕೋಣೆಯಲ್ಲಿ ಕೆಮ್ಮಿ ಕೆಮ್ಮಿ ಹೋದ. ಹತ್ತೊಂಬತ್ತಕ್ಕೇ ನೀನು ಅವನ ಜಾಗಕ್ಕೆ ಇಳಿದು ನನ್ನನ್ನು ಓದಿಸಿದೆ. ಈಗ ನಿನ್ನ ಕರವಸ್ತ್ರಗಳನ್ನು ಅತ್ತಿಗೆ ಬೇರೆ ಬಕೆಟಿನಲ್ಲಿ ನೆನೆಹಾಕುತ್ತಾಳೆ. ನೀನು ಹೇಳದಿದ್ದರೂ ಅವಳು ಹೇಳಿದ್ದಾಳೆ.

ಪರೀಕ್ಷೆಗೆ ನಿನ್ನ ಲಾಂಚನ್ನೇ ನಾನು ಕೇಳಿ ಪಡೆದೆ. ಆರು ತಿಂಗಳು ಓಡಿಸಬೇಕು, ತಿಂಗಳಿಗೊಮ್ಮೆ ವರದಿ ಕಳಿಸಬೇಕು. ಒಂದೇ ಒಂದು ಸಲ ಎಂಜಿನ್ ನಿಂತರೂ ನನ್ನ ಕೋಣೆಗೆ ಬೀಗ ಹಾಕುತ್ತೇವೆ ಎಂದು ಸಮಿತಿಯವರು ಹೇಳಿದ್ದಾರೆ. ನಗುತ್ತಲೇ ಹೇಳಿದರು, ಆದರೆ ತಮಾಷೆಗಲ್ಲ.

ನಿನ್ನ ತಂಗಿ

*

ಫೆಬ್ರವರಿ 20

ಚಿರಂಜೀವಿ ತಂಗಿಗೆ,

ಇಷ್ಟು ವರ್ಷವೂ ಬೆಳಗಾಗೆದ್ದು ನಾನು ಮಾಡಿದ ಮೊದಲ ಕೆಲಸ ಟ್ಯಾಂಕಿನ ತಳದ ನಲ್ಲಿ ತಿರುಗಿಸಿ ಡೀಸೆಲ್ಲಿನಿಂದ ನೀರು ಹೊರಗೆ ಬಿಡುವುದು. ಈಗ ನನ್ನ ತಂಗಿಯೇ ನೀರು ಬೆರೆಸಿ ಕಳಿಸಿದ್ದಾಳೆ. ಬೇರೆ ಯಾರಾದರೂ ಆಗಿದ್ದರೆ ಡ್ರಮ್ಮಿನ ಸಮೇತ ಹೊಳೆಗೆ ನೂಕುತ್ತಿದ್ದೆ.

ಸೋಮವಾರ ತುಂಬಿಸಿದೆವು. ಪಕ್ಕದ ಲಾಂಚಿನ ಎಂಜಿನ್ ಡ್ರೈವರ್ ಮೌನಿ ನಿನಗೆ ನೆನಪಿರಬೇಕು. ಹೆಸರು ಮೌನಿ, ಬಾಯಿ ಮಾತ್ರ ಒಡೆದ ಸೈಲೆನ್ಸರ್. ಲಾಂಚು ಕಟ್ಟುವ ಧಕ್ಕೆಯ ಮೇಲೆ ನಿಂತು ಎಲ್ಲರಿಗೂ ಕೇಳುವ ಹಾಗೆ, "ಕೈ ಕೆಸರಾದ್ರೆ ಬಾಯಿ ಮೊಸರು ಅಂತಿದ್ರು. ಇವನ ತಂಗಿ ಟ್ಯಾಂಕಿಗೇ ಮಜ್ಜಿಗೆ ಕಳ್ಸಿದಾಳೆ ನೋಡ್ರಪ್ಪೋ!" ಎಂದ. ನಕ್ಕವರೆಲ್ಲ ಎಂಜಿನ್ ಶುರು ಮಾಡಿದ ಮೇಲೆ ಸುಮ್ಮನಾದರು. ಸ್ವಲ್ಪ ತಡವಾಗಿ ಹಿಡಿಯಿತು, ಏರುಪ್ರವಾಹದಲ್ಲಿ ಎಳೆತ ಒಂದಿಷ್ಟು ಕಡಿಮೆ. ಆದರೆ ಹೊಗೆ? ಇದೆಯೋ ಇಲ್ಲವೋ ಎಂದು ಚಿಮಣಿಗೆ ಕೈ ಅಡ್ಡ ಹಿಡಿದು ನೋಡಿದೆ. ಅಂಗೈ ಅಂಗೈಯಾಗೇ ಇತ್ತು.

ಮೌನಿಯೂ ಕೈ ಹಿಡಿದು ನೋಡಿದ. ಒಂದು ನಿಮಿಷ ಮಾತಾಡಲಿಲ್ಲ. ಅದನ್ನು ನಿನ್ನ ವರದಿಯಲ್ಲಿ ಮೊದಲು ಬರೆದುಕೋ.

ಅಣ್ಣ

*

ಏಪ್ರಿಲ್ 6

ಚಿರಂಜೀವಿ ತಂಗಿಗೆ,

ಎರಡನೆಯ ತಿಂಗಳ ವರದಿಯ ಕಾಗದ ಇದರ ಜೊತೆಗಿದೆ. ಎಂಜಿನ್ ನಿಂತಿಲ್ಲ. ಸದ್ದಿನಲ್ಲಿ ವ್ಯತ್ಯಾಸವಿಲ್ಲ, ನನ್ನ ಕಿವಿಗೆ ಕೇಳಿಸುವ ಮಟ್ಟಿಗೆ. ಎಲ್ಲ ಸಾಲಿನಲ್ಲೂ "ಸರಿ ಇದೆ" ಎಂದು ಬರೆದಿದ್ದೇನೆ. ಬೇರೆ ಏನು ಬರೆಯಲಿ?

ನಿನ್ನ ಅತ್ತಿಗೆಗೆ ಒಂದೇ ದೂರು. ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಹೋಗುತ್ತೇನಂತೆ, ಸಂಜೆ ತಡವಾಗಿ ಬರುತ್ತೇನಂತೆ. "ಆ ಎಂಜಿನ್ನೇ ಕಟ್ಕೊಂಡಿದ್ರೆ ನನಗಾದ್ರೂ ಬಿಡುವು ಸಿಗ್ತಿತ್ತು" ಎನ್ನುತ್ತಾಳೆ. ಹೊಸ ಇಂಧನ, ಸ್ವಲ್ಪ ಕಣ್ಣಿಡಬೇಕಲ್ಲ ಎಂದೆ.

ಕೆಮ್ಮು ಕಡಿಮೆಯಾಗಿದೆ. ಇದು ನಿನ್ನನ್ನು ಖುಷಿಪಡಿಸಲು ಹೇಳುತ್ತಿರುವುದಲ್ಲ.

ಅಣ್ಣ

*

ಮೇ 11

ಅಣ್ಣಾ,

ಇವತ್ತು ಸಮಿತಿಯ ಮುಂದೆ ನಿನ್ನ ಮೂರು ವರದಿಗಳನ್ನೂ ಓದಿದೆ. ನಮ್ಮ ನಿರ್ದೇಶಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಈ ಡ್ರೈವರ್ ಕೈಬರಹ ಚೆನ್ನಾಗಿದೆಯಮ್ಮ" ಎಂದರು. ಅಷ್ಟು ಬಿಟ್ಟರೆ ಅವರಿಗೆ ತಪ್ಪು ಹುಡುಕಲು ಏನೂ ಸಿಗಲಿಲ್ಲ.

ಒಂದು ಮಾತು ಕೇಳಬೇಕು, ಬೇಸರಪಡಬೇಡ. ಇಲ್ಲಿ ಒಬ್ಬರಿಗೆ ಸಂಶಯ: ಟ್ಯಾಂಕಿನಲ್ಲಿ ಇಂಧನ ಸುಮ್ಮನೆ ನಿಂತಾಗ ನೀರು ಬೇರೆಯಾಗಿ ತಳಕ್ಕೆ ಇಳಿಯುವುದಿಲ್ಲವೇ, ಪಂಪು ಸವೆಯುವುದಿಲ್ಲವೇ ಎಂದು. ನಿನಗೆ ಅಂಥದ್ದೇನಾದರೂ ಕಂಡಿತೇ? ಕಂಡಿದ್ದರೆ ಬರೆ. ರಸಾಯನದ ಪಾಲು ಬದಲಿಸಿ ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ. ಇನ್ನೊಂದಾರು ವರ್ಷ ಹಿಡಿಯಬಹುದು, ಅಥವಾ ಅವರು ಬಿಡದೆಯೂ ಇರಬಹುದು. ಇರಲಿ. ಇದ್ದದ್ದನ್ನು ಇದ್ದ ಹಾಗೆ ಬರೆ.

ನಿನ್ನ ತಂಗಿ

*

ಮೇ 24

ಚಿರಂಜೀವಿ ತಂಗಿಗೆ,

ಏನೂ ಕಂಡಿಲ್ಲ. ಓಡುತ್ತಿದೆ.

ಅಣ್ಣ

*

ಆಗಸ್ಟ್ 9

ಅಣ್ಣಾ,

ಕುಳಿತು ಓದು. ನಿಮ್ಮ ಧಕ್ಕೆಯ ಹನ್ನೊಂದು ಲಾಂಚುಗಳಿಗೂ ಮುಂದಿನ ತಿಂಗಳಿಂದ ಬಿಳಿ ಡೀಸೆಲ್! ಆಜ್ಞೆ ಸಹಿಯಾಗಿದೆ. ಡ್ರೈವರುಗಳಿಗೆ ಕೊಡುವ ಸೂಚನೆಯ ಹಾಳೆಯನ್ನು ನಾನೇ ಬರೆದೆ. ಒಂದೇ ಪುಟ. "ಮಾಮೂಲಿನಂತೆ ತುಂಬಿಸಿ, ಮಾಮೂಲಿನಂತೆ ಓಡಿಸಿ." ನಿನ್ನ ಆರು ತಿಂಗಳಿನ ಅನುಭವವೇ ಆ ಹಾಳೆ.

ನಿನ್ನೆ ಕೋಣೆಯಲ್ಲಿ ಒಬ್ಬಳೇ ಕೂತು ಅತ್ತೆ. ಅಪ್ಪನ ಮುಖ ನನಗೆ ಸರಿಯಾಗಿ ನೆನಪಿಲ್ಲ, ಕೆಮ್ಮು ಮಾತ್ರ ನೆನಪಿದೆ. ಯಾರದೋ ಮನೆಯಲ್ಲಿ ಇನ್ನು ಮುಂದೆ ಮಗುವಿಗೆ ಅಪ್ಪನ ಮುಖವೇ ನೆನಪಿರಲಿ ಅನ್ನಿಸಿತು.

ಮೌನಿಯವರಿಗೆ ಹೇಳು, ಅವರ ಟ್ಯಾಂಕಿಗೂ ಮಜ್ಜಿಗೆ ಬರುತ್ತಿದೆ.

ನಿನ್ನ ತಂಗಿ

*

ಸೆಪ್ಟೆಂಬರ್ 29

ತಂಗಿಗೆ,

ಸುದ್ದಿ ನಿನಗೆ ತಲುಪಿರುತ್ತದೆ. ಆದರೂ ಬರೆಯುತ್ತೇನೆ.

ಎರಡು ದಿನ ಗಾಳಿಮಳೆ, ಒಂದು ಲಾಂಚೂ ಬಿಡಲಿಲ್ಲ. ಮೂರನೆಯ ದಿನ, ಅಂದರೆ ಮೊನ್ನೆ, ಆಕಾಶ ತಿಳಿಯಾಯಿತು. ಬೆಳಿಗ್ಗೆ ಆರರ ಮೊದಲ ಪಾಳಿ ಮೌನಿಯದು. ಆಸ್ಪತ್ರೆಗೆ ಹೋಗುವವರು, ಗಿರಣಿ ಕೆಲಸದವರು, ಮೌನಿ, ಚುಕ್ಕಾಣಿ ಹಿಡಿಯುವವನು, ಎಲ್ಲ ಸೇರಿ ಮೂವತ್ತನಾಲ್ಕು ಜನ ಇದ್ದರು. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಲಾಂಚು ನಡುಹೊಳೆಗೆ ಹೋಯಿತು. ಅಲ್ಲಿ ಎಂಜಿನ್ ಎರಡು ಸಲ ಬಿಕ್ಕಿ ನಿಂತುಬಿಟ್ಟಿತು. ನನಗೆ ಸದ್ದು ಕೇಳಲಿಲ್ಲ, ಚಿಮಣಿ ಎರಡು ಸಲ ಬಿಳಿ ಹೊಗೆ ಉಗುಳಿದ್ದು ನೋಡಿ ಗೊತ್ತಾಯಿತು.

ಪ್ರವಾಹ ಅದನ್ನು ಅಡ್ಡಕ್ಕೆ ತಿರುಗಿಸಿ, ಹಳೆಯ ಸೇತುವೆಯ ಕಂಬಕ್ಕೆ ಒಯ್ದು ಹೊಡೆಯಿತು. ನಾನು ಹಗ್ಗ ಬಿಚ್ಚಿ ನನ್ನ ಲಾಂಚು ಹೊರಡಿಸಿ ಹೋಗುವಷ್ಟರಲ್ಲಿ ಅರ್ಧ ಮುಳುಗಿತ್ತು. ಇಪ್ಪತ್ತೈದು ಜನರನ್ನು ಎಳೆದುಕೊಂಡೆವು. ಒಂಬತ್ತು ಜನ ಹೋದರು.

ಮೌನಿ ಮೇಲೆ ಬರಲೇ ಇಲ್ಲ. ಚುಕ್ಕಾಣಿಯವನು ಉಳಿದಿದ್ದಾನೆ, ಅವನು ಹೇಳಿದ: "'ಮೇಲ್ ಬಾರೋ' ಅಂತ ಕೂಗ್ದೆ. 'ಎರಡು ನಿಮಿಷ, ಪಂಪಿನ ಗಾಳಿ ತೆಗೆದ್ರೆ ಎಂಜಿನ್ ಹಿಡ್ಯುತ್ತೆ' ಅಂದ." ಮರುದಿನ ಅವನನ್ನು ಎಂಜಿನ್ ಕೋಣೆಯಿಂದ ತೆಗೆದಾಗ ಕೈಯಲ್ಲಿ ಸ್ಪ್ಯಾನರ್ ಇತ್ತು. ಪಂಪಿನ ನಟ್ಟು ಅರ್ಧ ಬಿಚ್ಚಿತ್ತು.

ಇನ್ನು ಬರೆಯಲಾರೆ.

ಅಣ್ಣ

*

ಅಕ್ಟೋಬರ್ 8

ಅಣ್ಣಾ,

ನಿನ್ನ ಕಾಗದ ಬಂತು. ಮೌನಿಯವರ ಹೆಂಡತಿ, ಆ ಹುಡುಗಿ ಹೇಗಿದ್ದಾರೆ? ಟಿಕೆಟ್ ಕಿಟಕಿಯಲ್ಲಿ ಕೂರುವವಳು ಅವರ ಮಗಳೇ ಅಲ್ಲವೇ?

ವಿಚಾರಣೆ ಶುರುವಾಗಿದೆ. ಮುಳುಗಿದ ಲಾಂಚಿನ ಟ್ಯಾಂಕಿನ ತಳದಲ್ಲಿ ಬಕೆಟ್‌ಗಟ್ಟಲೆ ನೀರಿತ್ತಂತೆ. ಬರೀ ನೀರು. ಟ್ಯಾಂಕಿನ ಬಾಯಿ ಹೊಳೆಯಲ್ಲಿ ಮುಳುಗಿರಲಿಲ್ಲ, ಅದು ಕೆಸರುನೀರಲ್ಲ, ತಿಳಿನೀರು. ಅದು ಎಲ್ಲಿಂದ ಬಂತೆಂದು ನನ್ನನ್ನು ಕೇಳುತ್ತಿದ್ದಾರೆ. ಎರಡೇ ದಾರಿ: ಇಂಧನದಿಂದಲೇ ಬೇರೆಯಾಗಿ ಇಳಿದಿರಬೇಕು, ಇಲ್ಲವೇ ಡೆಕ್ಕಿನ ಮೇಲಿನ ಟ್ಯಾಂಕಿನ ಮುಚ್ಚಳ ಸಡಿಲವಿದ್ದು ಎರಡು ದಿನದ ಮಳೆನೀರು ಒಳಗೆ ಹೋಗಿರಬೇಕು.

ನಿನ್ನ ಟ್ಯಾಂಕಿನಲ್ಲಿ ಯಾವತ್ತಾದರೂ ನೀರು ಇಳಿದದ್ದುಂಟೆ? ಹೌದು ಅಥವಾ ಇಲ್ಲ. ಒಂದೇ ಪದ ಸಾಕು, ಬರುವ ಟಪಾಲಿನಲ್ಲೇ ಹಾಕು. ಇಪ್ಪತ್ತೈದಕ್ಕೆ ನಾನು ಉತ್ತರ ಕೊಡಬೇಕು.

ನಿನ್ನ ತಂಗಿ

*

ಅಕ್ಟೋಬರ್ 26

ಅಣ್ಣಾ,

ನಿನ್ನ ಉತ್ತರ ಬರಲಿಲ್ಲ. ದುಃಖದಲ್ಲಿದ್ದೀಯ, ಒತ್ತಾಯ ಮಾಡಲಾರೆ. ನಿನ್ನ ಆರು ವರದಿಗಳನ್ನೂ ಎದುರಿಗಿಟ್ಟುಕೊಂಡು ನಿನ್ನೆ ಸಹಿ ಹಾಕಿದೆ. ಇಂಧನದಿಂದ ಅಷ್ಟು ನೀರು ಬೇರೆಯಾಗುವುದು ಸಾಧ್ಯವಿಲ್ಲ, ಅದು ಹೊರಗಿನಿಂದಲೇ ಬಂದಿರಬೇಕು ಎಂದು.

ಹಾಗೆಂದರೆ ಮುಚ್ಚಳ ಹಾಕದೆ ಬಿಟ್ಟದ್ದು ಮೌನಿ. ಗೊತ್ತು. ಆದರೆ ಬೇರೆ ಏನು ಬರೆಯಲಿ? ನಿನ್ನ ಲಾಂಚು ಆರು ತಿಂಗಳು ಅದೇ ಇಂಧನದಲ್ಲಿ ಓಡಿದೆ.

ನಿನ್ನ ತಂಗಿ

*

ನವೆಂಬರ್ 2

ತಂಗಿಗೆ,

ಉತ್ತರ ಮೂರು ಸಲ ಬರೆದು ಹರಿದೆ. ಹೌದು. ಆ ಒಂದು ಪದ ಹೌದು.

ಮೊದಲ ದಿನದಿಂದ ಒಂಬತ್ತನೆಯ ದಿನ, ಹಳೆಯ ಅಭ್ಯಾಸಕ್ಕೆ ತಳದ ನಲ್ಲಿ ತಿರುಗಿಸಿದೆ. ಮೊದಲು ಒಂದು ಲೋಟದಷ್ಟು ತಿಳಿನೀರು ಬಂತು, ಆಮೇಲೆ ಬಿಳಿದು. ಲೋಟ ಹಿಡಿದುಕೊಂಡು ಎಂಜಿನ್ ಪಕ್ಕ ಕೂತೆ. ಇದನ್ನು ಬರೆದರೆ ನಿನ್ನ ಕೋಣೆಗೆ ಬೀಗ. ಹೊಳೆಗೆ ಚೆಲ್ಲಿದೆ.

ಅವತ್ತಿನಿಂದ ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಹೋಗಿ, ಮುರಿದ ದೋಣಿಹುಟ್ಟೊಂದನ್ನು ಟ್ಯಾಂಕಿಗೆ ಇಳಿಸಿ ಕಡೆಯುತ್ತಿದ್ದೆ. ಸಂಜೆ ಕೊನೆಯ ಪಾಳಿ ಮುಗಿದ ಮೇಲೆ ಹತ್ತು ನಿಮಿಷ ಬೇರೆ ಕ್ಯಾನಿನ ಬರೀ ಡೀಸೆಲ್ಲಿನಲ್ಲಿ ಎಂಜಿನ್ ಓಡಿಸಿ ಪೈಪು, ಪಂಪು ತೊಳೆದು ನಿಲ್ಲಿಸುತ್ತಿದ್ದೆ. ಮಾರ್ಚಿನಲ್ಲಿ ಪಂಪಿನೊಳಗೆ ಇಂಧನ ತಳ್ಳುವ ಒಂದು ಕಡ್ಡಿ ತುಕ್ಕು ಹಿಡಿದು ಸಿಕ್ಕಿಕೊಂಡಿತು. ಗುಜರಿಗೆ ಹಾಕಿದ್ದ ಲಾಂಚಿನಿಂದ ಒಂದು ಬಿಚ್ಚಿ ತಂದು ರಜೆಯ ದಿನ ಹಾಕಿದೆ. ಕಾಗದದಲ್ಲಿ "ಸರಿ ಇದೆ" ಎಂದು ಬರೆದೆ. ಸರಿಯಾಗೇ ಇತ್ತಲ್ಲ, ನಾನು ಸರಿ ಮಾಡಿದ್ದೆ. ಹಾಗೆ ಮನಸ್ಸಿಗೆ ಹೇಳಿಕೊಂಡೆ.

ಮೇ ತಿಂಗಳಲ್ಲಿ ನೀನು ಕೇಳಿದಾಗ ಹೇಳಬಹುದಿತ್ತು. ಇನ್ನಾರು ವರ್ಷ ಎಂದು ನೀನು ಬರೆದಿದ್ದೆ. ನನ್ನ ಎದೆಗೆ ಆರು ವರ್ಷ ಉಳಿದಿದೆಯೋ ಇಲ್ಲವೋ, ನೀನು ಗೆದ್ದದ್ದನ್ನು ನೋಡಿ ಹೋಗಬೇಕೆಂಬ ಆಸೆಯಿತ್ತು.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಎಲ್ಲರಿಗೂ ಬಿಳಿ ಡೀಸೆಲ್ ಬಂದ ವಾರ ಮೌನಿ ಚಹಾ ಅಂಗಡಿಯಲ್ಲಿ ನನ್ನ ಪಕ್ಕ ಕೂತು, ಎಂದೂ ಇಲ್ಲದವನು ದನಿ ತಗ್ಗಿಸಿ ಕೇಳಿದ: "ನಿಜ ಹೇಳು ಮಾರಾಯ, ನಿಂದು ಮಾತ್ರ ಹೇಗೆ ಇಷ್ಟು ಚೆನ್ನಾಗಿ ಓಡುತ್ತೆ? ಏನಾದ್ರೂ ಮಾಡ್ತೀಯಾ?"

"ಏನೂ ಇಲ್ಲ ಕಣೋ. ಸುಮ್ನೆ ಓಡ್ಸು" ಎಂದೆ.

ಅವನಿಗೆ ಹೇಳಿದರೆ ಸಂಜೆಯೊಳಗೆ ಧಕ್ಕೆಗೆಲ್ಲ ಗೊತ್ತಾಗುತ್ತಿತ್ತು. ಅದಕ್ಕೇ ಹೇಳಲಿಲ್ಲ. ಬದಲಿಗೆ ಅವನು ಬರುವ ಮುಂಚೆ ಹೋಗಿ ಅವನ ಟ್ಯಾಂಕನ್ನೂ ನಾನೇ ಕಡೆಯುತ್ತಿದ್ದೆ. ದಿನಾ ಓಡುವ ಉಳಿದ ಲಾಂಚುಗಳಿಗೆ ಹೊಳೆಯ ಕುಲುಕಾಟವೇ ಸಾಕಾದೀತು ಎಂದುಕೊಂಡೆ. ಆ ದಿನ ಬೆಳಿಗ್ಗೆ, ಎರಡು ದಿನ ನಿಂತಿದೆಯಲ್ಲ ಎಂದು ನನ್ನ ಟ್ಯಾಂಕಿನ ಹತ್ತಿರವೇ ತಡವಾಯಿತು. ತಲೆಯೆತ್ತಿ ನೋಡಿದಾಗ ಅವನು ಹಗ್ಗ ಬಿಚ್ಚಿಯಾಗಿತ್ತು. ಕೂಗಬಹುದಿತ್ತು. ಪೈಪಿನಲ್ಲಿ ಉಳಿದಿದ್ದ ಇಂಧನಕ್ಕೆ ಎಂಜಿನ್ ಚೆನ್ನಾಗಿಯೇ ಹಿಡಿದಿತ್ತು. ತಳದ ನೀರು ಪಂಪಿಗೆ ಬರಲು ಇನ್ನೂ ಕೆಲವು ನಿಮಿಷವಿತ್ತು. ಕೂಗಿದರೆ ಏಕೆಂದು ಕೇಳುತ್ತಾರೆ. ಅವನು ಕೈ ಬೀಸಿದ. ಹುಟ್ಟು ಹಿಡಿದಿದ್ದ ಕೈಯನ್ನು ಕೆಳಗಿಳಿಸಿ, ಇನ್ನೊಂದು ಕೈಯನ್ನು ನಾನೂ ಬೀಸಿದೆ.

ಮುಚ್ಚಳ ಗಟ್ಟಿಯಾಗೇ ಇತ್ತು. ಮಳೆ ಹಿಡಿಯುವ ಮುಂಚೆ ಅವನೇ ಸ್ಪ್ಯಾನರ್ ಹಾಕಿ ಬಿಗಿ ಮಾಡಿದ್ದನ್ನು ನಾನು ನೋಡಿದ್ದೇನೆ.

ಈ ಕಾಗದವನ್ನು ವಿಚಾರಣೆಯವರಿಗೆ ಕೊಡು.

ಅಣ್ಣ

*

ಡಿಸೆಂಬರ್ 4

ಅಣ್ಣಾ,

ತಿಂಗಳಾಯಿತು, ನಿನಗೆ ಬರೆಯಲಿಲ್ಲ.

ನಿನ್ನ ಕಾಗದ ಬಂದ ದಿನವೇ ತೆಗೆದುಕೊಂಡು ನಿರ್ದೇಶಕರ ಹತ್ತಿರ ಹೋದೆ. ಓದಿದರು, ಮಡಿಸಿದರು, ನನ್ನ ಕಡೆಗೇ ತಳ್ಳಿದರು. "ಸ್ನೇಹಿತ ಹೋದ ದುಃಖದಲ್ಲಿ ಮನುಷ್ಯ ಏನು ಬೇಕಾದರೂ ತಲೆಗೆ ಕಟ್ಟಿಕೊಳ್ತಾನಮ್ಮ. ಆ ಲಾಂಚು ಕತ್ತರಿಸಿ ಗುಜರಿಗೆ ಹೋಗಿದೆ. ಟ್ಯಾಂಕೂ ಇಲ್ಲ, ಮುಚ್ಚಳವೂ ಇಲ್ಲ. ಇರೋದು ನಿಮ್ಮ ಸಹಿ ಒಂದೇ." ಅದನ್ನೇ ಹಿಂತೆಗೆದುಕೊಳ್ಳುತ್ತೇನೆ ಎಂದೆ. "ತೆಗೆದುಕೊಂಡರೆ ನಿಮ್ಮ ಅಣ್ಣ ಸುಳ್ಳು ವರದಿ ಕೊಟ್ಟ, ನೀವು ಅದನ್ನು ನಂಬಿ ಹನ್ನೊಂದು ಲಾಂಚಿಗೆ ಇಂಧನ ಕಳಿಸಿದಿರಿ ಅಂತ ಆಗುತ್ತೆ. ನಮ್ಮದೂ ಹೆಸರು ಬರುತ್ತೆ" ಎಂದರು. ಆಗಲಿ ಎಂದು ಬರೆದುಕೊಟ್ಟೆ. ವಿಚಾರಣೆಯವರಿಗೂ ಒಂದು ಪ್ರತಿ ಕಳಿಸಿದೆ. ಎರಡು ವಾರದ ಮೇಲೆ ಒಂದು ಸಾಲಿನ ಉತ್ತರ ಬಂತು: ವಿಚಾರಣೆ ಮುಗಿದಿದೆ. ನನ್ನನ್ನು ಗ್ರೀಸು, ಎಂಜಿನ್ ಎಣ್ಣೆಯ ವಿಭಾಗಕ್ಕೆ ಹಾಕಿದ್ದಾರೆ. ಬಿಳಿ ಡೀಸೆಲ್ಲಿನ ಕೆಲಸ ನಿಂತಿದೆ, ಆ ಕೋಣೆಯಲ್ಲಿ ಈಗ ಹಳೆಯ ಕುರ್ಚಿಗಳಿವೆ.

ನಿನ್ನ ಮೇಲೆ ಕೋಪ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ, ಏಕೆಂದರೆ ನಾನೂ ಒಂದು ಮಾತು ನುಂಗಿದ್ದೇನೆ. ನನ್ನ ಕಪಾಟಿನಲ್ಲಿ ಮಾದರಿಯ ಸೀಸೆಗಳಿದ್ದವು. ನಾಲ್ಕೈದು ದಿನ ಅಲುಗಾಡದೆ ನಿಂತ ಸೀಸೆಗಳ ತಳದಲ್ಲಿ ಬೆರಳಿನ ಉಗುರಿನಷ್ಟು ತಿಳಿನೀರಿನ ಗೆರೆ ಕಾಣುತ್ತಿತ್ತು. ಜನವರಿಯಲ್ಲೇ ಕಂಡಿದ್ದೆ. ಸಮಿತಿಯವರು ಬರುವ ಮುಂಚೆ ಒಂದೊಂದನ್ನೂ ಕುಲುಕಿ ಇಟ್ಟೆ. ಆಮೇಲೆ ನಿನ್ನ ವರದಿಗಳು ಬರತೊಡಗಿದವು. ಸೀಸೆ ಒಂದು ಹೇಳುತ್ತಿತ್ತು, ನೀನು ಒಂದು ಹೇಳುತ್ತಿದ್ದೆ. ಸೀಸೆ ಸುಳ್ಳು, ಅಣ್ಣ ನಿಜ ಎಂದುಕೊಂಡೆ. ಚಿಕ್ಕಂದಿನಿಂದ ಹಾಗೇ ಎಂದುಕೊಂಡು ಬೆಳೆದವಳು.

ಮೌನಿಯವರ ಮನೆಗೆ ಹೋಗಿ ಹೇಳಬೇಕು. ನಾನು ಬರಲೇ?

ನಿನ್ನ ತಂಗಿ

*

ಜನವರಿ 17

ತಂಗಿಗೆ,

ನೀನು ಬರುವುದು ಬೇಡ. ನಾನು ಹೋಗಿ ಬಂದೆ.

ಅದಕ್ಕೂ ಮೊದಲು ವಿಚಾರಣೆಯ ಕಚೇರಿಗೆ ಎರಡು ಸಲ ಹೋಗಿದ್ದೆ. ಅಲ್ಲಿನ ಗುಮಾಸ್ತ ಒಳ್ಳೆಯವನು, ಕುರ್ಚಿ ಕೊಟ್ಟ. "ಯಜಮಾನ್ರೇ, ತಪ್ಪಿಲ್ಲ ಅಂತ ಹೇಳೋಕೆ ದಿನಾ ಬರ್ತಾರೆ. ತಪ್ಪು ನಂದು ಅಂತ ಬಂದೋರು ನೀವೊಬ್ರೇ. ಅದಕ್ಕೆ ನಮ್ಮಲ್ಲಿ ಫಾರಮ್ಮೇ ಇಲ್ಲ" ಎಂದ. ಹಾಸ್ಯ ಮಾಡಲಿಲ್ಲ, ಇದ್ದದ್ದನ್ನೇ ಹೇಳಿದ. ನನ್ನನ್ನು ಲಾಂಚಿನಿಂದ ಇಳಿಸಿ ಉಗ್ರಾಣಕ್ಕೆ ಹಾಕಿದ್ದಾರೆ. ಹಗ್ಗ, ಬಣ್ಣ, ಬೋಲ್ಟು ಎಣಿಸುತ್ತೇನೆ. ಲಾಂಚುಗಳಿಗೆಲ್ಲ ಮತ್ತೆ ಹಳೆಯ ಡೀಸೆಲ್. ಕಿಟಕಿ ತೆರೆದರೆ ಹೊಗೆ ಒಳಗೇ ಬರುತ್ತದೆ.

ಮೌನಿಯ ಮನೆಯವರು ಧಕ್ಕೆಯ ವಸತಿ ಬಿಡಬೇಕಂತೆ. ನಿರ್ಲಕ್ಷ್ಯದಿಂದ ಸತ್ತವನ ಕುಟುಂಬಕ್ಕೆ ಮನೆ ಇಲ್ಲ, ಮಗಳಿಗೆ ಕಾಯಂ ಕೆಲಸವೂ ಇಲ್ಲ. ನಾನು ಹೋದಾಗ ಅವನ ಹೆಂಡತಿ ಪಾತ್ರೆಗಳನ್ನು ಹಳೆಯ ಸೀರೆಯಲ್ಲಿ ಗಂಟು ಕಟ್ಟುತ್ತಿದ್ದಳು. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಲೋಟದ ನೀರು, ಚಹಾ ಅಂಗಡಿ, ಕೈ ಬೀಸಿದ್ದು. ನಡುವೆ ಕೆಮ್ಮು ಬಂತು. ಅವಳು ಎದ್ದು ನೀರು ತಂದುಕೊಟ್ಟಳು. ಅದನ್ನು ಕುಡಿಯಬೇಕಾಯಿತು.

ಎಲ್ಲ ಕೇಳಿ ಅವಳು, "ಈಗ ನಂಗ್ಯಾಕೆ ಹೇಳ್ತೀರಣ್ಣಾ? ನಾನು ಯಾವತ್ತಾದ್ರೂ ಅವ್ರದ್ದು ತಪ್ಪು ಅಂದಿದ್ನಾ?" ಎಂದಳು. ಮತ್ತೆ ಗಂಟು ಕಟ್ಟಲು ಕೂತಳು.

ಮಗಳು ಒಳಗಿನಿಂದ ಬಂದಳು. ಟಿಕೆಟ್ ಕಿಟಕಿಯಲ್ಲಿ ಜನ ಇವಳನ್ನು "ಮುಚ್ಚಳದವನ ಮಗಳು" ಎನ್ನುತ್ತಾರೆ, ಅದು ನನ್ನ ಕಿವಿಗೂ ಬಿದ್ದಿದೆ. ಸ್ಟೂಲು ಎಳೆದು ನನ್ನೆದುರು ಕೂತಳು. ನನ್ನ ಕಿವಿ ಗೊತ್ತಿದ್ದರಿಂದ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಮಾತಾಡಿದಳು.

"ದೊಡ್ಡಪ್ಪಾ, ಮುಚ್ಚಳ ಹಾಕಿದ್ದು ನೀವು ಕಣ್ಣಾರೆ ನೋಡಿದ್ರಾ?"

"ನೋಡ್ದೆ."

"ಬಿಗಿಯಾಗಿ?"

"ಬಿಗಿಯಾಗಿ."

ಅವಳು ತಿರುಗಿ ಅಮ್ಮನ ಕೈಯನ್ನು ನೋಡಿದಳು. ಮೂರು ತಿಂಗಳಿಂದ ಜನ ಹೇಳಿದ್ದನ್ನು ಅವಳೂ ನಂಬಿದ್ದಳೆಂದು ನನಗೆ ಆಗ ತಿಳಿಯಿತು. ಅಮ್ಮನ ಹಾಗೆ ಅಲ್ಲ, ಅವಳು ನಂಬಿದ್ದಳು. ಅಳುತ್ತಾಳೆಂದುಕೊಂಡೆ, ಅಳಲಿಲ್ಲ.

"ಅಪ್ಪ ಕೇಳಿದಾಗ ಯಾಕೆ ಹೇಳ್ಲಿಲ್ಲ?" ಎಂದಳು.

ಇದಕ್ಕೆ ನಾನು ಉತ್ತರ ಸಿದ್ಧ ಮಾಡಿಕೊಂಡೇ ಹೋಗಿದ್ದೆ. ಎಲ್ಲ ಮರೆತುಹೋಯಿತು. "ನಂಗೆ ಒಬ್ಳೇ ತಂಗಿ ಕಣಮ್ಮ" ಎಂದೆ.

"ನಂಗೂ ಅಪ್ಪ ಒಬ್ನೇ ಇದ್ದ" ಎಂದಳು.

ಅಷ್ಟೇ ಹೇಳಿ ಎದ್ದು, ಗಂಟಿನ ಇನ್ನೊಂದು ತುದಿ ಹಿಡಿಯಲು ಅಮ್ಮನ ಹತ್ತಿರ ಹೋದಳು.

ಇದಕ್ಕೆ ಉತ್ತರ ಬರೆಯಬೇಡ.

ಅಣ್ಣ